ಮುಚ್ಚಿದ ಎರಡನೆಯ ಕೋಣೆ

ನಿಗಾ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಗದಗ ಜಿಲ್ಲೆಯ ನಡುವಯಸ್ಸಿನ ಹೆಂಗಸರೆಲ್ಲ ಗೆರೆಗಳಾಗಿ ಓಡುತ್ತಿದ್ದರು. ಒಬ್ಬೊಬ್ಬಳಿಗೆ ಎರಡು ಗೆರೆ. ಮೇಲಿನದು ಹಳದಿ, ಕೆಳಗಿನದು ನೀಲಿ. ಹಳದಿ ಸದಾ ಹರಿಯುತ್ತಿರಬೇಕು. ನೀಲಿ ತಿಂಗಳಿಗೊಮ್ಮೆ ಏರಿ, ಕೆಲವು ದಿನ ನಿಂತು, ಇಳಿಯಬೇಕು. ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಮಾತ್ರ ನೀಲಿ ಏಳುತ್ತಲೇ ಇರಲಿಲ್ಲ. ಸತ್ತ ಹಾವಿನ ಹಾಗೆ ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು.

ಸಾವಂತ್ರಿ ಕುರ್ಚಿಯಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಅದು ಅವಳದೇ ಓಣಿ, ಅಲ್ಲಿ ಅವಳ ಗೆರೆಯೊಂದೇ ಸರಿಯಿತ್ತು. ಬಿದ್ದ ಗೆರೆಗಳಲ್ಲಿ ಒಂದು ಅವಳ ನೆಗೆಣ್ಣಿ, ಭಾವನ ಹೆಂಡತಿ ಅಂಬವ್ವನದು.

ನಿಗಾ ಕೇಂದ್ರಕ್ಕೆ ಬರುವ ಮೊದಲು ಸಾವಂತ್ರಿ ಇಪ್ಪತ್ತು ವರ್ಷ ಹಳ್ಳಿ ಹಳ್ಳಿ ಅಲೆದ ನರ್ಸು. ಮಾತು ಒರಟು, ಸಿಟ್ಟು ಮೂಗಿನ ತುದಿಯಲ್ಲಿ. ಪಕ್ಕದಲ್ಲಿದ್ದ ಇಂಜಿನಿಯರ್ ಮೆಣಸಗಿ ಮಾತ್ರ ಯಾವುದಕ್ಕೂ ಬಿಸಿಯಾಗದ ಮನುಷ್ಯ. ಆ ಓಣಿಗೆ ಹೋದ ಕಡ್ಡಿಗಳೆಲ್ಲ ಒಂದೇ ಸಲ ಬಂದವು, ಒಂದೇ ಸಲ ಕೆಟ್ಟಿವೆ, ಅಷ್ಟನ್ನೂ ಕಿತ್ತು ಬೇರೆ ಹಾಕಿದರೆ ಮುಗಿಯಿತು ಎಂದು ಚಹಾ ಕುಡಿಯುತ್ತ ಹೇಳಿದ. ಕೀಳುವುದೆಂದರೆ ಹೊಲದಲ್ಲಿ ಕಸ ಕಿತ್ತಂತೆ ಅಂತ ತಿಳಿದಿದ್ದೀಯಾ, ತೋಳು ಕೊಯ್ಯಬೇಕು, ಕೊಯ್ಯುವುದು ನಿನ್ನ ತೋಳಲ್ಲವಲ್ಲ ಎಂದು ಸಾವಂತ್ರಿ ಅವನ ಮೇಲೆ ಹರಿಹಾಯ್ದಳು. ಅವನು ಇನ್ನೊಂದು ಗುಟುಕು ಕುಡಿದ.

ಕಡ್ಡಿ ಎಂದರೆ ಬೆಂಕಿಕಡ್ಡಿಯಷ್ಟೇ ಉದ್ದದ ಯಂತ್ರ. ತೋಳಿನ ಒಳಮಗ್ಗುಲಲ್ಲಿ ಚರ್ಮದ ಕೆಳಗೆ ಕೂರುತ್ತದೆ. ಅದಕ್ಕೆ ಸರ್ಕಾರ ಇಟ್ಟ ಹೆಸರು ಉದ್ದವಾಗಿತ್ತು, ಯಾರ ಬಾಯಲ್ಲೂ ನಿಲ್ಲಲಿಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸಿನ ಮೈ ಎರಡು ರಸಗಳನ್ನು ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಈಸ್ಟ್ರೋಜನ್ ಹೋದರೆ ಮೈ ಇದ್ದಕ್ಕಿದ್ದಂತೆ ಕಾದ ಹಂಚಾಗುತ್ತದೆ, ನಿದ್ದೆ ಹಾರುತ್ತದೆ, ಎಲುಬು ಸವೆಯುತ್ತದೆ. ಅದನ್ನು ಕಡ್ಡಿಯ ಮೊದಲನೆಯ ಕೋಣೆ ರಕ್ತ ನೋಡಿಕೊಂಡು ಹನಿಹನಿಯಾಗಿ ಕೊಡುತ್ತದೆ. ಆದರೆ ಅದನ್ನೊಂದನ್ನೇ ಕೊಡುತ್ತ ಹೋದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಮ್ಮೊಮ್ಮೆ ಕ್ಯಾನ್ಸರಿನ ದಾರಿಯನ್ನೂ ಹಿಡಿಯುತ್ತದೆ. ಅದನ್ನು ತಡೆಯಲು ಎರಡನೆಯ ಕೋಣೆಯಲ್ಲಿ ಪ್ರೊಜೆಸ್ಟರಾನ್. ಗರ್ಭಕೋಶ ತೆಗೆಸಿಕೊಂಡವರಿಗೆ ಎರಡನೆಯದರ ಅಗತ್ಯವಿಲ್ಲ. ಉಳಿದವರೆಲ್ಲರಿಗೂ ಬೇಕೇ ಬೇಕು.

ಆ ಓಣಿಯ ನಲವತ್ತು ಹೆಂಗಸರು ಮೊದಲನೆಯದನ್ನು ಮಾತ್ರ ಕುಡಿಯುತ್ತಿದ್ದರು. ಎಷ್ಟು ಕಾಲದಿಂದ ಎಂದು ಸಾವಂತ್ರಿ ಹಿಂದಕ್ಕೆ ಸರಿಸಿ ನೋಡಿದಳು. ಒಂದೂವರೆ ವರ್ಷದಿಂದ. ನೀಲಿ ಏಳದಿದ್ದಾಗಲೆಲ್ಲ ಕೇಂದ್ರದ ಕಂಪ್ಯೂಟರು ಕಡ್ಡಿಯೇ ಸುಸ್ತಾಗಿರಬೇಕೆಂದುಕೊಂಡು ಸುಮ್ಮನಾಗಿತ್ತು. ಹೆಂಗಸರು ಕೈ ಹಾಕಿರಬಹುದು ಎಂಬ ಯೋಚನೆ ಅದರ ಪ್ರೋಗ್ರಾಮು ಬರೆದವರಿಗೆ ಬಂದಿರಲೇ ಇಲ್ಲ.

ಮನೆಗೆ ಬಂದರೆ ಅಂಬವ್ವ ತಿಕ್ಕಿದ ಹಿತ್ತಾಳೆ ಹಂಡೆಯನ್ನೇ ಮತ್ತೆ ತಿಕ್ಕುತ್ತಿದ್ದಳು. ಬನದ ಹುಣ್ಣಿಮೆ ಹತ್ತಿರ ಬರುತ್ತಿತ್ತು. ಹುಣ್ಣಿಮೆಯ ಹಿಂದಿನ ದಿನ ದೇವಾಂಗದವರ ಆ ಓಣಿಯಲ್ಲಿ ಬನಶಂಕರಿಗೆ ಪಲ್ಯದ ಹಬ್ಬ. ನೂರೆಂಟು ಬಗೆಯ ಕಾಯಿ, ಸೊಪ್ಪು, ಗೆಡ್ಡೆಗಳ ಪಲ್ಯವಾಗಬೇಕು. ಗುಡಿಯ ಹಿಂದಿನ ಅಡಿಗೆಮನೆಯ ದೊಡ್ಡ ಒಲೆಯನ್ನು ಹಚ್ಚುವವಳು, ಉಪ್ಪು ಹಾಕುವವಳು ಒಬ್ಬಳೇ. ಅವಳು ಮುಟ್ಟು ನಿಂತವಳಾಗಿರಬೇಕು. ಆ ಓಣಿಯ ಹೆಂಗಸರು ವಯಸ್ಸಾಯಿತೆಂದು ಅಳುವುದಿಲ್ಲ, ಆ ಒಲೆಗೆ ಒಂದು ಹೆಜ್ಜೆ ಹತ್ತಿರವಾದೆವು ಎಂದುಕೊಳ್ಳುತ್ತಾರೆ. ಅಂಬವ್ವ ಸೊಸೆಯಾಗಿ ಬಂದಾಗಿನಿಂದ ಆ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸಿದವಳು, ಬದನೆಕಾಯಿ ಹೆಚ್ಚಿದವಳು, ಹೊಗೆಗೆ ಕಣ್ಣು ಕೊಟ್ಟವಳು. ಐವತ್ತೆರಡಕ್ಕೆ ಮುಟ್ಟು ನಿಂತು, ಐವತ್ತಮೂರಕ್ಕೆ ಒಲೆ ಅವಳ ಕೈಗೆ ಬಂತು.

ಅದರ ಹಿಂದೆಯೇ ಬೆಂಕಿಯೂ ಬಂತು. ಅಂಬವ್ವನದು ರೊಟ್ಟಿ ಮಾರುವ ಕಸುಬು. ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವಾಗ ಒಳಗಿನಿಂದ ಇನ್ನೊಂದು ಹಂಚು ಕಾಯುತ್ತಿತ್ತು. ಎದೆಯಿಂದ ಎದ್ದ ಝಳ ಕುತ್ತಿಗೆ ಏರಿ ತಲೆಗೆ ಮುಟ್ಟುವಷ್ಟರಲ್ಲಿ ಕುಬಸ ತೊಯ್ದು ತಪ್ಪಡಿಯಾಗುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಮಲಗುತ್ತಿದ್ದಳು. ಗಿರಾಕಿಯೊಬ್ಬ ರೊಟ್ಟಿ ದಪ್ಪವಾಯಿತು ಎಂದದ್ದಕ್ಕೆ ಹಿಟ್ಟಿನ ಪರಾತವನ್ನೇ ಅವನ ಕಡೆ ನೂಕಿದಳು. ಕಡೆಗೆ ಸಾವಂತ್ರಿಯೇ ಬೈದು ಎಳೆದೊಯ್ದು ಕಡ್ಡಿ ಹಾಕಿಸಿದ್ದಳು. ವಾರ ಕಳೆಯುವುದರೊಳಗೆ ಬೆಂಕಿ ಆರಿತು. ತಿಂಗಳು ಕಳೆಯುವುದರೊಳಗೆ, ನಿಂತು ಎರಡು ವರ್ಷವಾಗಿದ್ದ ಮುಟ್ಟು ತಿರುಗಿ ಬಂತು.

ಎರಡನೆಯ ಕೋಣೆ ತನ್ನ ಕೆಲಸ ಮಾಡಿತ್ತು, ಅಷ್ಟೇ. ಪ್ರೊಜೆಸ್ಟರಾನ್ ಏರಿ ಇಳಿದಾಗ ಬೆಳೆದ ಒಳಪದರ ಕಳಚಿ ಹೋಗುತ್ತದೆ, ನಾಲ್ಕು ದಿನ ಕೆಂಪು ಕಾಣುತ್ತದೆ. ಇದು ರೋಗವಲ್ಲ ಎಂದು ಕೇಂದ್ರದವರು ಚೀಟಿಯಲ್ಲಿ ಅಚ್ಚು ಹಾಕಿಸಿ ಹಂಚಿದ್ದರು. ಆ ಓಣಿಯ ಹೆಂಗಸರಿಗೆ ಅದು ರೋಗಕ್ಕಿಂತ ದೊಡ್ಡದು ಎಂಬುದು ಚೀಟಿ ಬರೆದವನಿಗೆ ಹೇಗೆ ಗೊತ್ತಾಗಬೇಕು? ಆ ವರ್ಷದ ಪಲ್ಯದ ಹಬ್ಬದಲ್ಲಿ ಅಂಬವ್ವ ಹೊರಗೆ ಕೂತಳು. ಒಲೆ ಬೇರೆಯವಳು ಹಚ್ಚಿದಳು.

ಸಾವಂತ್ರಿಗೆ ಇದೆಲ್ಲ ಗೊತ್ತಿತ್ತು. ಅವಳ ತೋಳಿನಲ್ಲೂ ಕಡ್ಡಿಯಿತ್ತು, ಅವಳಿಗೂ ತಿಂಗಳಿಗೊಮ್ಮೆ ಆಗುತ್ತಿತ್ತು. ಆಫೀಸಿಗೆ ಹೋಗುವವಳಿಗೆ ಅದರಿಂದ ತೊಂದರೆಯಿರಲಿಲ್ಲ. ಅದರ ಮರುವರ್ಷ ಅಂಬವ್ವ ಮತ್ತೆ ಒಲೆ ಹಚ್ಚಿದಾಗ, ಮೈಗೆ ಔಷಧಿ ಒಗ್ಗಿತು, ನಿಂತಿತು ಎಂದಿದ್ದಳು. ನರ್ಸಾಗಿದ್ದ ಸಾವಂತ್ರಿ ಆ ಮಾತನ್ನು ನಂಬಿದ್ದಳು. ಈಗ ಅದನ್ನು ನೆನೆದರೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನ್ನಿಸುತ್ತಿತ್ತು.

ಅವತ್ತು ಮುಟ್ಟಿನ ಮಾತು ತೆಗೆದರೆ ಅಂಬವ್ವ ಕೆಲಸ ಬದಲಿಸಿದಳು. ಹಂಡೆ ಬಿಟ್ಟು ಚರಿಗೆ ಹಿಡಿದಳು, ಚರಿಗೆ ಬಿಟ್ಟು ಕಸಬರಿಗೆ ಹಿಡಿದಳು. ಮುಖ ಬಿಳುಚಿತ್ತು. ಮೆಟ್ಟಿಲು ಹತ್ತಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಎರಡು ದಿನ ಸಾವಂತ್ರಿ ಅವಳ ಹಿಂದೆ ಮುಂದೆ ಸುಳಿದಾಡಿದಳು.

ಶುಕ್ರವಾರ ಮನೆಯಲ್ಲಿ ಅರಿಷಿಣ ಕುಂಕುಮ. ಕೇಂದ್ರದಲ್ಲಿ ಕೂರಲಾಗದೆ ಸಾವಂತ್ರಿ ಮಧ್ಯಾಹ್ನವೇ ಎದ್ದು ಬಂದಿದ್ದಳು. ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕೂತಿದ್ದವರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಅಂಬವ್ವ ತಾಟು ಹಿಡಿದು ನಿಂತಿದ್ದಳು. ಎಲೆಯಡಿಕೆಯ ಸಂದಿಯಲ್ಲಿ ಕರಿಯ ಬಿಲ್ಲೆಯೊಂದು ಇಣುಕಿತು. ಒಡೆದ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತ. ಅದಕ್ಕೂ ಅರಿಷಿಣ ಕುಂಕುಮ ಹಚ್ಚಿದ್ದರು.

ಸಾವಂತ್ರಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಯಾರಿಗಾದರೂ ಎರಡನೆಯ ಔಷಧಿ ಒಗ್ಗದೆ ತಲೆ ಸುತ್ತಿದರೆ ಡಾಕ್ಟರು ಆ ತಿಂಗಳ ಮಟ್ಟಿಗೆ ಕೋಣೆ ಮುಚ್ಚಲಿ ಎಂದು ಕಡ್ಡಿಯಲ್ಲಿ ಒಂದು ಉಪಾಯ ಇಟ್ಟಿದ್ದರು: ಅಯಸ್ಕಾಂತ ಒತ್ತಿದರೆ ಸಾಕು. ಕಡ್ಡಿ ಹಾಕಲು ಬಂದ ಹುಡುಗಿಯೊಬ್ಬಳು ಇವರೆದುರೇ ಅದನ್ನು ಮಾಡಿ ತೋರಿಸಿದ್ದಳಂತೆ. ಅಷ್ಟು ಸಾಕಾಯಿತು. ತಿಂಗಳಿಗೊಂದು ಶುಕ್ರವಾರ ತಾಟು ಮನೆಯಿಂದ ಮನೆಗೆ ಹೋಗುತ್ತಿತ್ತು. ಹಣೆಗೆ ಕುಂಕುಮ, ಕೆನ್ನೆಗೆ ಅರಿಷಿಣ, ತೋಳಿಗೆ ಅಯಸ್ಕಾಂತ.

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಸಾವಂತ್ರಿ ಬಾಗಿಲು ಹಾಕಿದಳು.

"ಎಷ್ಟು ಮಂದಿ ಅಕ್ಕಾ?"

"ಎಲ್ಲಾರೂ. ನಿನ್ನೊಬ್ಬಾಕಿನ ಬಿಟ್ಟು. ನೀ ಸರ್ಕಾರದ ಕಿವಿ."

"ಮತ್ತ ನನಗ್ಯಾಕ ಹೇಳಲಿಲ್ಲ? ಒಂದ ಮನ್ಯಾಗ ಉಂಡು ಒಂದ ಮನ್ಯಾಗ ಮಲಗತೀವಿ."

"ಹೇಳಿದ್ರ ಬ್ಯಾಡ ಅಂತಿದ್ದಿ." ಅಂಬವ್ವ ತಾಟನ್ನು ದೇವರ ಮುಂದೆ ಇಟ್ಟಳು. "ಮೈಯಾಗಿನ ಬೆಂಕಿ ಆರಿಸೋದು ಬೇಕಿತ್ತು, ತಗೊಂಡೆ. ಮುಟ್ಟು ತರೋದು ಬ್ಯಾಡಾಗಿತ್ತು, ಬಿಟ್ಟೆ. ಊಟಕ್ಕ ಕೂತಾಕಿ ಬ್ಯಾಡಾದ್ದನ್ನ ಎಲಿ ಬದಿಗೆ ಸರಸೂದಿಲ್ಲೇನು?"

ಸಾವಂತ್ರಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಕೂಗಾಡಿದರೆ ಅಂಬವ್ವ ಕಸಬರಿಗೆ ಹಿಡಿದು ಹೊರಟುಬಿಡುತ್ತಾಳೆ. ಮಗ್ಗದ ಮನೆಯವಳಿಗೆ ಮಗ್ಗದ ಮಾತೇ ತಿಳಿಯುತ್ತದೆಂದು ಹಾಗೇ ಹೇಳಿದಳು. ಮೊದಲನೆಯ ಔಷಧಿ ನೇಯುವ ಕೈ. ಅದು ನೇಯುತ್ತಲೇ ಇರುತ್ತದೆ. ಎರಡನೆಯದು ಸೀರೆ ಮುಗಿಯಿತು ಎಂದು ಕೊಯ್ದು ಇಳಿಸುವ ಕೈ. ಕೊಯ್ಯುವ ಕೈ ಕಟ್ಟಿಹಾಕಿ ನೇಯುವ ಕೈ ಬಿಟ್ಟರೆ ಒಂದೂವರೆ ವರ್ಷದಲ್ಲಿ ಮಗ್ಗ ಏನಾಗಬೇಕು? ಬಟ್ಟೆ ಸುತ್ತುವ ಉರುಳೆ ತುಂಬುತ್ತದೆ, ಮೇಲೆ ಮೇಲೆ ಸುತ್ತುತ್ತದೆ, ಹಾಸು ಯಾವುದು ಹೊಕ್ಕು ಯಾವುದು ತಿಳಿಯದ ಗಂಟಾಗುತ್ತದೆ. ಕಡೆಗೆ ಭಾರ ತಾಳದೆ ಎಲ್ಲೆಲ್ಲೋ ಹರಿಯುತ್ತದೆ.

ಅಂಬವ್ವ ದೇವರ ಮುಂದಿನಿಂದ ತಿರುಗಿದಳು.

"ಹರಿಯೋದು ಅಂದ್ರ ಹೆಂಗ? ನಡುನಡುವ ಕಾಣತೈತೇನು?"

"ನಿನಗ ಕಂಡೈತೇನು?"

"ಹೋದ ಹಬ್ಬದ ಹಿಂದಿನ ದಸರಾದಿಂದ. ಮೊದಲು ಕಲೆ ಕಲೆ. ಈಗ..." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಬಿಲ್ಲಿ ಸರಿಯಾಗಿ ಒತ್ತಿಲ್ಲ ಅಂತ ತಿಳಕೊಂಡು ದಿನಾ ಒತ್ತಾಕತ್ತೆ."

ಸಾವಂತ್ರಿ ತಾಟಿನಲ್ಲಿದ್ದ ಬಿಲ್ಲೆಯನ್ನು ನೋಡಿದಳು. ಎರಡನೆಯ ಕೋಣೆ ಮುಚ್ಚಿದ್ದರಿಂದ ಬಂದ ರಕ್ತವನ್ನು ನಿಲ್ಲಿಸಲು ಇವಳು ಎರಡನೆಯ ಕೋಣೆಯನ್ನೇ ಇನ್ನಷ್ಟು ಮುಚ್ಚುತ್ತಿದ್ದಳು. ದಿನವೂ, ದೇವರ ಮುಂದೆ ನಿಂತು, ಭಕ್ತಿಯಿಂದ.

ಮರುದಿನ ಬೆಳಿಗ್ಗೆ ಅವಳು ಡಾಕ್ಟರ್ ಫರ್ಜಾನಾರ ಕೋಣೆಯ ಮುಂದೆ ಅತ್ತಿಂದಿತ್ತ ನಡೆದಾಡಿದಳು. ಕೇಂದ್ರಕ್ಕೆ ಅವರೇ ಹಿರಿಯ ಡಾಕ್ಟರು. ಒಳಗೆ ಹೋಗುವುದು ಸುಲಭವಿರಲಿಲ್ಲ. ಕಡ್ಡಿಗೆ ಯಾರಾದರೂ ಸ್ವಂತ ಕೈ ಹಾಕಿದರೆ ಅದನ್ನು ತೆಗೆದು, ಅವರ ಹೆಸರನ್ನು ಯೋಜನೆಯಿಂದ ಹೊಡೆದುಹಾಕಬೇಕೆಂಬುದು ನಿಯಮ. ನಿಜ ಹೇಳಿದರೆ ಇಡೀ ಓಣಿ ಮತ್ತೆ ಕಾದ ಹಂಚಾಗುತ್ತದೆ. ಹೇಳದಿದ್ದರೆ ಮೆಣಸಗಿ ಹೊಸ ಕಡ್ಡಿ ಹಾಕಿಸುತ್ತಾನೆ, ತಾಟು ಮತ್ತೆ ತಿರುಗುತ್ತದೆ.

ಯೋಚಿಸಿ ಮಾತಾಡುವ ಸ್ವಭಾವ ಅವಳದಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿದಳು. ಫರ್ಜಾನಾ ಮೊದಲು ಕೇಳಿದ್ದು ನಿಯಮದ ಮಾತನ್ನಲ್ಲ. ಅಂಬವ್ವನಿಗೆ ಎಷ್ಟು ರಕ್ತ ಹೋಗುತ್ತಿದೆ ಎಂದು. ಸೋಮವಾರ ಸ್ಕ್ಯಾನಿಗೆ ಕರೆತರಲು ಹೇಳಿದರು, ಉಳಿದವರನ್ನೂ ಸಾಲಾಗಿ ನೋಡಬೇಕೆಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಮುಟ್ಟು ನಿಂತು ವರ್ಷ ದಾಟಿದವರಿಗೆ ತಿಂಗಳಿಗೊಮ್ಮೆ ಏರಿಸಿ ಇಳಿಸುವ ಅಗತ್ಯವೇ ಇಲ್ಲ. ಎರಡನೆಯ ಔಷಧಿಯನ್ನು ದಿನವೂ ಸ್ವಲ್ಪ ಸ್ವಲ್ಪ ಕೊಡಬಹುದು. ಮೊದಲ ಕೆಲವು ತಿಂಗಳು ಅಲ್ಲಲ್ಲಿ ಕಲೆ ಕಾಣಬಹುದು, ಆಮೇಲೆ ಹೆಚ್ಚಿನವರಿಗೆ ಪೂರ್ತಿ ನಿಲ್ಲುತ್ತದೆ. ಕಡ್ಡಿಯಲ್ಲಿ ಆ ವ್ಯವಸ್ಥೆ ಮೊದಲಿನಿಂದಲೂ ಇದೆ.

"ಮೊದಲಿಂದಾನೂ ಐತಿ?" ಸಾವಂತ್ರಿ ಮೇಜಿಗೆ ಬಾಗಿದಳು. "ಮತ್ತ ಯಾಕ ಕೊಡಲಿಲ್ರಿ?"

"ಎಲ್ಲಾರಿಗೂ ಒಂದೇ ತರಹ ಇದ್ರ ಪರದೆ ಮ್ಯಾಲೆ ನೋಡಾಕ ಸುಲಭ ಅಂತ ಮ್ಯಾಲಿನವರು ತೀರ್ಮಾನ ಮಾಡಿದ್ರು, ಸಾವಂತ್ರಿಯವರೇ. ತಿಂಗಳಿಗೊಮ್ಮೆ ಆದ್ರ ಹೆಂಗಸರಿಗೆ ಏನು ತೊಂದರಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಸಾವಂತ್ರಿ ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೊರಗೆ ಕೂತಿದ್ದ ಮೆಣಸಗಿ ಮೊದಲ ಬಾರಿಗೆ ಚಹಾ ಚೆಲ್ಲಿಕೊಂಡ. ಫರ್ಜಾನಾ ಕೇಳುವಷ್ಟು ಕೇಳಿ, ಓಣಿಯ ಅಷ್ಟೂ ಮಂದಿಗೆ ಔಷಧಿಯ ಕ್ರಮ ಬದಲಿಸಬೇಕೆಂದು ತಮ್ಮ ಹೆಸರಿನಲ್ಲೇ ಆದೇಶ ಹಾಕಿದರು. ಕೈ ಹಾಕಿದವರು ಯಾರೆಂದು ಮೇಲಿನವರು ಕೇಳಿದರೆ ತಾವೇ ಉತ್ತರ ಕೊಡುವುದಾಗಿ ಹೇಳಿದರು.

ಸ್ಕ್ಯಾನಿನಲ್ಲಿ ಅಂಬವ್ವನ ಗರ್ಭಕೋಶದ ಒಳಪದರ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ದಪ್ಪವಿತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಒಂದು ವಾರ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ಅಂಬವ್ವ ಬೇಕಾದ್ದಕ್ಕಿಂತ ಎರಡು ಪಟ್ಟು ರೊಟ್ಟಿ ಬಡಿದಳು. ಉಳಿದದ್ದನ್ನು ಓಣಿಗೆಲ್ಲ ಹಂಚಿ ಬಂದಳು. ಸಾವಂತ್ರಿ ಗಂಡನ ಮೇಲೆ, ಹಾಲಿನವನ ಮೇಲೆ, ಗಡಿಯಾರದ ಮೇಲೆ ರೇಗಿದಳು.

ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ. ಆದರೆ ಇನ್ನಷ್ಟು ಕಾಲ ಹೀಗೇ ಬಿಟ್ಟಿದ್ದರೆ ಅದೇ ಆಗಬಹುದಿತ್ತು ಎಂದರು ಫರ್ಜಾನಾ. ಔಷಧಿಯಿಂದಲೇ ಪದರ ಇಳಿಯುತ್ತದೆ, ಆರು ತಿಂಗಳು ತೆಗೆದುಕೊಳ್ಳಬೇಕು, ನಡುವೆ ಮತ್ತೆ ಪರೀಕ್ಷೆ.

ಯಾವ ಔಷಧಿ ಎಂದು ಅಂಬವ್ವ ಕೇಳಿದಳು. ಎರಡನೆಯ ಕೋಣೆಯಲ್ಲಿದ್ದುದೇ, ಅದನ್ನೇ ಜೋರಾಗಿ ಕೊಡುತ್ತೇವೆ ಎಂದರು. ಅಂಬವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು, ಆದರೆ ನೋಡಲು ಚೆನ್ನಾಗಿರಲಿಲ್ಲ.

"ಅದನ್ನ ತಗೊಂಡ್ರ ರಕ್ತ?"

"ಮೊದಮೊದಲು ಹೋಗತೈತಿ, ಅಮ್ಮಾ."

"ಹಂಗಾದ್ರ ಗರ್ಭಚೀಲಾನ ತಗದ್ಬಿಡ್ರಿ." ಅಂಬವ್ವ ಮೇಜಿನ ಮೇಲೆ ಕೈಯೂರಿದಳು. "ಚೀಲ ಇಲ್ಲದಾಕಿಗೆ ಎರಡನೇ ಔಷಧ ಬ್ಯಾಡ ಅಂತ ನೀವ ಹೇಳೀರಿ. ಮುಟ್ಟೂ ಇಲ್ಲ, ಅಂಜಿಕೀನೂ ಇಲ್ಲ. ಸ್ಟೇಷನ್ ರಸ್ತೇದ ದವಾಖಾನ್ಯಾಗ ಮುಂಜಾನೆ ಹೋದ್ರ ಸಂಜೀಕ ತಗದು ಕಳಸತಾರಂತ."

ನರ್ಸಾಗಿದ್ದಾಗ ಹಳ್ಳಿಗಳಲ್ಲಿ ಸಾವಂತ್ರಿ ಕಂಡದ್ದು ಸಾಲುಸಾಲು. ಬಿಳಿ ಹೋಗುತ್ತದೆಂದು, ಹೊಟ್ಟೆ ನೋಯುತ್ತದೆಂದು, ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಮೂವತ್ತೈದಕ್ಕೇ ಗರ್ಭಕೋಶ ಕೊಟ್ಟು ಬಂದವರು. ಬೇಕಾಗಿದ್ದವರು ಕೆಲವರು, ಬೇಡವಾಗಿದ್ದರೂ ಕೊಯ್ಯಿಸಿಕೊಂಡವರು ಲೆಕ್ಕವಿಲ್ಲದಷ್ಟು. ಫರ್ಜಾನಾ ಮಾತ್ರ ಸಾವಧಾನವಾಗಿಯೇ ಹೇಳಿದರು. ತೆಗೆಸಿಕೊಳ್ಳುವುದು ತಪ್ಪಲ್ಲ, ನಿರ್ಧಾರ ನಿಮ್ಮದೇ. ಆದರೆ ಇವತ್ತಿಗೆ ರೋಗ ಅದನ್ನು ಕೇಳುತ್ತಿಲ್ಲ. ರಕ್ತ ಕಡಿಮೆಯಿದೆ, ಬಿ.ಪಿ. ಇದೆ, ಆಪರೇಷನ್ನು ಹಗುರದ್ದಲ್ಲ. ಹಬ್ಬ ಮುಗಿಯಲಿ, ಅಲ್ಲಿಯವರೆಗೆ ಔಷಧಿ ತಗೊಳ್ಳಿ, ಆಮೇಲೆ ಬಂದು ಹೇಳಿ.

ಬಸ್ಸಿನಲ್ಲಿ ಸಾವಂತ್ರಿಗೆ ತಡೆಯಲಾಗಲಿಲ್ಲ. ಒಂದು ಒಲೆಗೋಸ್ಕರ ಮೈಯೊಳಗಿನದನ್ನು ಕೊಯ್ದು ಕೊಡುತ್ತೀಯಾ ಎಂದು ಎಲ್ಲರೆದುರೇ ಕೇಳಿದಳು. ಅಂಬವ್ವ ಕಿಟಕಿಯ ಹೊರಗೆ ನೋಡುತ್ತ, ನಿನಗೆ ಆಫೀಸಿನಲ್ಲಿ ಕುರ್ಚಿ ಇದೆ, ನನಗೆ ಇಡೀ ಜೀವಕ್ಕೆ ಇದ್ದದ್ದು ಅದೊಂದೇ ಜಾಗ ಎಂದಳು.

ಪಲ್ಯದ ಹಬ್ಬದ ಬೆಳಿಗ್ಗೆ ಅಡಿಗೆಮನೆಯ ಮುಂದೆ ಬುಟ್ಟಿಗಳು ಬಂದು ಕೂತವು. ಹೀರೇಕಾಯಿ, ಬದನೆಕಾಯಿ, ಪುಂಡಿಪಲ್ಯ, ಹಕ್ಕರಿಕೆ, ಕಿರಕಸಾಲಿ, ಹೆಸರೇ ತಿಳಿಯದ ಕಾಡುಸೊಪ್ಪು. ಹೆಂಗಸರೂ ಬಂದರು. ಯಾರೂ ಒಳಗೆ ಕಾಲಿಡಲಿಲ್ಲ. ಅಂಬವ್ವ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ತಾನು ಹೊರಗಿದ್ದೇನೆ, ಈ ಸಲ ಇನ್ನೊಬ್ಬರು ಹಚ್ಚಲಿ ಎಂದಳು.

ಇನ್ನೊಬ್ಬರು ಯಾರು? ಹಿರಿಯಳಾದ ತುಳಜವ್ವನ ಕಡೆ ಎಲ್ಲರೂ ನೋಡಿದರು. ತುಳಜವ್ವ ಸೆರಗು ಹೊದ್ದುಕೊಂಡು, ಔಷಧಿ ಬದಲಾದಾಗಿನಿಂದ ತನಗೂ ಕಲೆ ಕಾಣುತ್ತಿದೆ ಎಂದು ಗೊಣಗಿದಳು. ಅವಳ ಪಕ್ಕದವಳೂ ತಲೆ ತಗ್ಗಿಸಿದಳು. ಮುಟ್ಟು ನಿಂತವರು ಎನ್ನಿಸಿಕೊಂಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡ್ಡಿ ಹಾಕಿಸದ ಒಬ್ಬಳೇ ಒಬ್ಬಳು ಮುದುಕಿ ಎಂಬತ್ತು ದಾಟಿದವಳು. ಅವಳಿಗೆ ಒಲೆ ಎತ್ತ ಇದೆಯೆಂದು ಕಾಣುತ್ತಿರಲಿಲ್ಲ.

ಬಿಸಿಲು ಏರಿತು. ಸೊಪ್ಪು ಬಾಡತೊಡಗಿತು. ಓಣಿಯ ಹಿರಿಯ ಈರಪ್ಪ ಎರಡು ಸಲ ಬಂದು, ಒಲೆ ಯಾಕೆ ಹತ್ತಿಲ್ಲವೆಂದು ಕೇಳಿ, ಯಾರೂ ಉತ್ತರ ಕೊಡದ್ದರಿಂದ ಕೆಮ್ಮುತ್ತ ಹೋದ. ಸಾವಂತ್ರಿ ಕಟ್ಟೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಟ್ಟೆಗೆ ನಡೆದಳು. ಯಾರಿಗಾದರೂ ಏನಾದರೂ ಬೈಯಬೇಕು ಅನ್ನಿಸಿತು. ಬೈಗುಳಕ್ಕೆ ಸರಿಹೋಗುವ ಮುಖ ಒಂದೂ ಸಿಗಲಿಲ್ಲ.

ಅಂಬವ್ವ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಸಾವಂತ್ರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಂತರ ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಲೆಗೆ ಬೆಂಕಿ ಹಚ್ಚಿದಳು. ಹೊಗೆ ಎದ್ದು ಬಾಗಿಲ ತುಂಬ ಬಂತು.

ಹೊರಗಿದ್ದವರು ಸೆರಗಿನಿಂದ ಹೊಗೆ ಬೀಸುತ್ತ ಬಾಗಿಲ ಕಡೆ ನೋಡಿದರು.

"ಹೋದ ವರ್ಷ ಒಲಿ ಹಚ್ಚಿದಾಗನೂ ಇದರಾಗ ಇದ್ದೆ. ಆಗಿನ ದಸರಾದಿಂದ ಕಾಣಾಕತ್ತಿತ್ತು," ಎಂದಳು ಅಂಬವ್ವ ಒಳಗಿನಿಂದ, ಎಲ್ಲರಿಗೂ ಕೇಳುವಂತೆ. "ಅದ ಒಲಿ, ಅದ ಕೈ, ಬನಶಂಕರಿ ಉಂಡಾಳ. ಚೀಲ ತಗಸಾಕ ನಾ ಹೋಗೂದಿಲ್ಲ. ನೂರೆಂಟು ಆಗಬೇಕು, ಹೊತ್ತು ಹೋಗಾಕತ್ತೈತಿ. ಬರೋರು ಬರ್ರಿ, ಬರಲಾರದೋರು ಬುಟ್ಟೀನಾದ್ರೂ ಒಳಗ ಸರಸ್ರಿ."

ಮುಟ್ಟಾದ ದಿನಗಳಲ್ಲಿ ಎಂದೂ ಆ ಹೊಸ್ತಿಲು ದಾಟದ ಸಾವಂತ್ರಿ, ಅವತ್ತು ತಾನೂ ಹೊರಗಾಗಿದ್ದರೂ, ಬದನೆಕಾಯಿಯ ಬುಟ್ಟಿಗೆ ಕೈ ಹಾಕಿದಳು. ಭಾರವಿತ್ತು, ಒಬ್ಬಳಿಂದ ಏಳಲಿಲ್ಲ. ಬುಟ್ಟಿಯ ಇನ್ನೊಂದು ಕಿವಿಯನ್ನು ಯಾರೋ ಹಿಡಿದರು. ತಿರುಗಿ ನೋಡಿದರೆ ತುಳಜವ್ವ, ಮುಖ ಗಂಟಿಕ್ಕಿಕೊಂಡು, ಬನಶಂಕರಿ ಸಿಟ್ಟಾದರೆ ಮೊದಲು ಸರ್ಕಾರದವರನ್ನೇ ಹಿಡಿಯುತ್ತಾಳೆ ಎಂದು ಬೈಯುತ್ತ, ಬುಟ್ಟಿ ಎತ್ತುತ್ತಿದ್ದಳು.